ಮತ್ತೆ ಮತ್ತೆ ಒತ್ತಿದ ಗುಂಡಿ

“ಮೇಡಂ, ಸ್ಕ್ರೀನ್ ನಿಂತೇಹೋಯ್ತು ಅಂತ ಗುಂಡಿ ಮತ್ತೆ ಮತ್ತೆ ಒತ್ತಿಬಿಟ್ಟೆ. ಎಷ್ಟು ಔಷಧ ಹೋಯ್ತೋ ಏನೋ!” ಫೋನಿನಲ್ಲಿ ನರ್ಸ್ ಅಳುವುದೊಂದು ಬಾಕಿ. ಆಪರೇಷನ್ ಆದ ಮಗುವಿಗೆ ನೋವಿನ ಔಷಧ ಹರಿಸುವ ಪಂಪ್ ಅದು. ಅದನ್ನು ನಡೆಸುವ ವೆಬ್ ಪುಟವನ್ನು ನೋಡಿಕೊಳ್ಳುತ್ತಿದ್ದ ಪ್ರೋಗ್ರಾಮರ್ ತಟ್ಟನೆ ಎದ್ದು ನಿಂತಳು. “ಮೊದಲು ಪಂಪ್ ನಿಲ್ಲಿಸಿ.”

“ನಿಲ್ಲಿಸಿದೀನಿ.”

ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿಯ ಮುಖ ಬಿಳಿಚಿಕೊಂಡಿತು. ಅವನು ಆ ಪುಟವನ್ನು ಮೊದಲು ಬರೆದದ್ದು ‘ಆರ್‌ಪಿಸಿ’ ಎಂಬ ರೀತಿಯಲ್ಲಿ: ಗುಂಡಿ ಒತ್ತಿದರೆ ‘ಔಷಧ ಹೆಚ್ಚಿಸು’ ಎಂಬ ಅಪ್ಪಣೆ ಹೋಗುತ್ತಿತ್ತು. ಒತ್ತಿದಷ್ಟು ಸಲವೂ ಹೆಚ್ಚುತ್ತಿತ್ತು. ಅವಳು ಅವನೊಡನೆ ಜಗಳವಾಡಿ ಅದನ್ನು ‘ರೆಸ್ಟ್’ ಎಂಬ ರೀತಿಗೆ ಬದಲಿಸಿದ್ದಳು: ‘ಈ ಪಂಪಿನ ವೇಗ ಇಷ್ಟಿರಲಿ’ ಎಂದಷ್ಟೇ ಹೇಳುವುದು. ನೂರು ಸಲ ಹೇಳಿದರೂ ವೇಗ ಅಷ್ಟೇ ಇರುತ್ತದೆ. ಆದರೆ ಹೊಸ ಪುಟವನ್ನು ಒಂದೊಂದೇ ವಾರ್ಡಿಗೆ ಹಾಕುವ ಕೆಲಸ ಅವನದಾಗಿತ್ತು.

“ಮಕ್ಕಳ ವಾರ್ಡಿಗೆ ಹಾಕಿದ್ರಾ ಸರ್?”

“ಹಾಕಿದ ನೆನಪು... ತಾಳಮ್ಮ, ನೋಡ್ತೀನಿ.” ಅವನ ಬೆರಳುಗಳು ಪಾಸ್‌ವರ್ಡನ್ನೇ ತಪ್ಪಾಗಿ ಒತ್ತಿದವು. ಅವನಿಗಾಗಿ ಕಾಯಲಾರದೆ ಅವಳು ಫೋನಿನಲ್ಲೇ ಕೇಳಿದಳು: “ಸಿಸ್ಟರ್, ನಿಲ್ಲಿಸೋಕೆ ಮುಂಚಿನ ವೇಗ ಪಂಪಿನ ಮೇಲೆ ಎಷ್ಟು ಅಂತಿದೆ?”

“ಗಂಟೆಗೆ ಎರಡು ಎಂಎಲ್.”

“ಡಾಕ್ಟರ್ ಬರೆದಿರೋದು?”

“ಎರಡೇ. ಅಯ್ಯೋ... ಎರಡೇ ಮೇಡಂ!”

“ಹಾಗಾದ್ರೆ ಹೊಸದೇ ಹಾಕಿದೀನಿ,” ಎಂದು ಸಹೋದ್ಯೋಗಿ ಕುರ್ಚಿಗೊರಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಫೋನಿನಲ್ಲಿ ಮತ್ತೆ ಕೇಳಿದಳು: “ಮಗು ಹೇಗಿದೆ?”

“ಆಟದ ಕಾರು ಮಂಚದ ಕೆಳಗೆ ಬಿತ್ತಂತೆ. ಎತ್ತಿಕೊಡದೆ ಫೋನಲ್ಲಿ ಮಾತಾಡ್ತಾ ನಿಂತಿದೀನಿ ಅಂತ ನನ್ನ ಮೇಲೇ ರೇಗಾಡ್ತಿದೆ!”

“ಹೋಗಿ ಸಿಸ್ಟರ್, ಎತ್ತಿಕೊಡಿ,” ಎಂದವಳು, ನಗುತ್ತಲೇ ಕಣ್ಣೊರೆಸಿಕೊಂಡಳು.