ತಿಪ್ಪಣ್ಣನ ಬಾಯಿಗೆ ನೀರು

ಬಳ್ಳಾರಿಯ ಮನೆಗಳ ನೆಲದಲ್ಲಿ ಬ್ಯಾಕ್ಟೀರಿಯಾ ಪದರ ಬೂದಿಯಂತೆ ಒಣಗಿ ಬಿದ್ದಿರುತ್ತದೆ. ಹನಿ ನೀರು ತಗುಲಿದರೆ ಬೆರಳು ಚಾಚಿ ಹರಡುತ್ತದೆ, ಸಿಕ್ಕ ಜೀವದ ಉಸಿರು ಕಟ್ಟಿಸುತ್ತದೆ. ಹಾಗಾಗಿ ಎಲ್ಲರೂ ಮುಚ್ಚಿದ ಕೊಳವೆಯಿಂದ ನೀರು ಹೀರುತ್ತಾರೆ. ನುಂಗಲಾಗದವರಿಗೆ ನೀರು ಕೊಡುವುದಿಲ್ಲ, ಸಾಯುವವರಿಗೂ.

"ಬಾಯಿಗೆ ನೀರು ಬಿಡವ್ವಾ," ಎಂದ, ನುಂಗಲಾರದೆ ಸಾಯುತ್ತಾ ಮಲಗಿದ್ದ ತಿಪ್ಪಣ್ಣ. ಮಗಳು ಹಂಪಮ್ಮ ಕೊಳವೆ ಎತ್ತಿದಳು.

"ಬ್ಯಾಡಕ್ಕಾ, ಕಟಬಾಯಾಗ ಹನಿ ಜಾರಿದ್ರ ಮುಗೀತು. ತೊಟ್ಲಾ ಇಲ್ಲೇ ಐತಿ," ಎಂದು ಅವಳ ತಮ್ಮ ಅವಳ ಕೈ ಹಿಡಿದ.

"ಅಪ್ಪಗ ನೀರು ಬಿಡಾಕೂ ಅಂಜ್ತೀಯೇನಲೇ?" ತಿಪ್ಪಣ್ಣ ಮಗನನ್ನು ಛೇಡಿಸಿದ.

ತೊಟ್ಟಿಲಲ್ಲಿದ್ದುದು ಹಂಪಮ್ಮನ ಕೂಸು. ಅವಳು ಅಪ್ಪನ ಕಿವಿಯ ಬಳಿ ಕುಳಿತು, ಅವನಿಗೆ ಕೇಳುವಂತೆ ಆ ನೀರನ್ನು ತಾನೇ ಕುಡಿದಳು. ಪ್ರತಿ ಗುಟುಕಿಗೂ ಅವನ ಒಣ ಗಂಟಲು ಏರಿ ಇಳಿಯಿತು. ಕೊಳವೆಯಲ್ಲಿ ಇನ್ನೂ ನೀರಿರುವಾಗಲೇ ಆ ಗಂಟಲಿನ ಏರಿಳಿತ ನಿಂತಿತು.