ಬೆರಳಿನ ಎಡವಟ್ಟು

ಮೂವತ್ತು ವರ್ಷ ಕೊಡೆ ಗುರುತಿನ ಪಕ್ಷದಲ್ಲಿದ್ದು, ಈ ಸಲ ಟಿಕೆಟ್ ಕೈತಪ್ಪಿದ ಸಂಜೆಯೇ ಏಣಿ ಪಕ್ಷಕ್ಕೆ ಹಾರಿ ಚುನಾವಣೆಗೆ ನಿಂತಿದ್ದ ಚೌಡಪ್ಪನವರು ಮತಗಟ್ಟೆಯಿಂದ ಹೊರಬಂದಾಗ ಬೆವರಿ ನೀರಾಗಿದ್ದರು. ಟಿವಿಯವರ ಮುಂದೆ ಶಾಯಿ ಹಚ್ಚಿದ ಬೆರಳೆತ್ತಿ ಹೇಗೋ ನಕ್ಕರು. ಕಾರಿನ ಬಾಗಿಲು ಹಾಕಿಕೊಂಡಿದ್ದೇ ತಡ, ಹೆಂಡತಿಯ ಕಿವಿಯ ಹತ್ತಿರ ಬಾಗಿದರು.

"ಗೌರಾ, ಎಡವಟ್ಟಾಯ್ತು ಕಣೆ. ಕೊಡೆ ಕಾಣ್ತಿದ್ದ ಹಾಗೆ ಬೆರಳು ತಾನಾಗೇ ಹೋಗಿ ಒತ್ಬಿಡ್ತು. ಬೀಪ್ ಅಂದ್ಮೇಲೇ ಎಚ್ಚರ ಆಗಿದ್ದು!"

ಗೌರಮ್ಮ ಬಾಯಿಗೆ ಸೆರಗು ತುರುಕಿಕೊಂಡರೂ ನಗು ನಿಲ್ಲಲಿಲ್ಲ. "ಅಯ್ಯೋ, ನಿಮ್ಮ ವೋಟು ನಿಮಗೇ ಇಲ್ವಾ?"

"ಮೆಲ್ಲಗೆ! ಕಾರ್ಯಕರ್ತರು ಹೊರಗೇ ನಿಂತವ್ರೆ."

ಅವಳು ನಗುವುದನ್ನು ನೋಡಿ ಅವರಿಗೂ ನಗು ಉಕ್ಕಿತು. ತಿಂಗಳಿಡೀ 'ಕೊಡೆಯವರು ನಾಡಿಗೇ ದ್ರೋಹಿಗಳು' ಎಂದು ಬೀದಿಬೀದಿಯಲ್ಲಿ ಗಂಟಲು ಹರಿದುಕೊಂಡಿದ್ದ ಮನುಷ್ಯ ಹೊಟ್ಟೆ ಹಿಡಿದುಕೊಂಡು ಸೀಟಿನ ಮೇಲೆ ಹೊರಳಾಡಿಬಿಟ್ಟರು. ಕಾರೇ ಕುಲುಕಾಡಿತು. ಹೊರಗಿದ್ದ ಕಾರ್ಯಕರ್ತರು, ಸಾಹೇಬರು ಆಗಲೇ ಗೆದ್ದಷ್ಟು ಖುಷಿಯಾಗಿದ್ದಾರೆಂದು ಜೈಕಾರ ಹಾಕಿದರು.

"ಹೋಗ್ಲಿ ಬಿಡು," ಎಂದರು ಚೌಡಪ್ಪನವರು ಕಣ್ಣೊರೆಸಿಕೊಳ್ಳುತ್ತ. "ಮನೇಲಿ ನಿನ್ನದೊಂದಾದ್ರೂ ನನಗೆ ಬಿತ್ತಲ್ಲ."

"ಇಲ್ಲ ಕಣ್ರೀ. ನಾನೂ ಕೊಡೇನೇ ಒತ್ತಿದ್ದು."

"ನಿಂಗೂ ಬೆರಳು ತಪ್ಪಿತಾ?"

"ನಂಗ್ಯಾಕೆ ತಪ್ಪುತ್ತೆ? ಏಣಿ ಗುರುತಲ್ಲಿ ಸಾಕ್ಷಾತ್ ಮನೆದೇವ್ರೇ ನಿಂತ್ರೂ ಒತ್ತಕೂಡದು ಅಂತ, ಮದುವೆಯಾದ ವರ್ಷವೇ ನನ್ನ ಕೈಲಿ ಆಣೆ ಹಾಕಿಸ್ಕೊಂಡೋರು ನೀವೇ ಅಲ್ವಾ? ನೀವೇನು ಮನೆದೇವ್ರಿಗಿಂತ ದೊಡ್ಡೋರಾ?"