ಹಿಂದಿನ ಸಾಲಿನ ದನಿ

ಜೋರಾಯಿತೇ? ಅಥವಾ ಯಾರಿಗೂ ಕೇಳಿಸದಷ್ಟು ಮೆಲ್ಲಗಾಯಿತೇ? ಹಾಡುತ್ತಲೇ ಇದ್ದ ಲಿಂಗಪ್ಪನ್‌ಗೆ ತಿಳಿಯಲಿಲ್ಲ. ತನ್ನ ದನಿ ಎದೆಯಲ್ಲಿ ನಡುಗುವುದಷ್ಟೇ ಅವನಿಗೆ ಗೊತ್ತಾಗುತ್ತಿತ್ತು. ಬಾಯಿ ದಾಟಿದ ಮೇಲೆ ಅದು ಏನಾಗುತ್ತದೆಂದು, ಕರುಮತ್ತಂಪಟ್ಟಿಯ ಪವರ್‌ಲೂಮ್ ಶೆಡ್ಡಿನ ಸದ್ದಿಗೆ ಕಿವಿ ಕಳೆದುಕೊಂಡವನಿಗೆ ಹೇಗೆ ತಿಳಿಯಬೇಕು?

ಅಷ್ಟು ಕಳೆದುಕೊಂಡಿದ್ದಾನೆಂದು ಮನೆಯವರಿಗೂ ಗೊತ್ತಿರಲಿಲ್ಲ. ಸ್ವಲ್ಪ ಮಂದ ಅಂದುಕೊಂಡಿದ್ದರು. ತುಟಿ ನೋಡಿ ಮಾತು ತಿಳಿಯುವುದು ಶೆಡ್ಡಿನಲ್ಲಿ ಎಲ್ಲರೂ ಕಲಿಯುವ ವಿದ್ಯೆ; ಅವನ ಗುಟ್ಟು ಅದರ ಮರೆಯಲ್ಲಿ ಉಳಿದಿತ್ತು. ಕೊಯಮತ್ತೂರಿನ ಕೆಥೆಡ್ರಲ್‌ನಲ್ಲಿ ಗಾಯನವೃಂದದವರು ಊರವರನ್ನೆಲ್ಲ ಸೇರಿಸಿಕೊಂಡು ಹಾಡುತ್ತಾರಂತೆ, ಯಾರು ಬೇಕಾದರೂ ಹೋಗಬಹುದಂತೆ ಎಂದು ಮಗಳು ಗೋಕಿಲಾ ಹೇಳಿದಾಗ, ಅವನೇ ಮುಂದಾಗಿ ಹೆಸರು ಕೊಡಿಸಿದ. ಮಗ್ಗದ ಮುಂದೆ ಆಯುಷ್ಯವೆಲ್ಲ ಹಾಡಿದ್ದ. ಪಕ್ಕದ ಮಗ್ಗದವನಿಗೂ ಅದು ಕೇಳಿಸಿರಲಿಲ್ಲ. ಒಂದು ಸಲವಾದರೂ ಜನ ಕೇಳುವ ಕಡೆ ಹಾಡಬೇಕು.

ಬೆಳಿಗ್ಗೆ ಅಭ್ಯಾಸದಲ್ಲಿ ಆರೋಕ್ಯಮೇರಿ ಟೀಚರ್ ಹಿಂದಿನ ಸಾಲಿನ ಗಂಡಸರಿಗೆ ಕೆಳಗಿನ ಸ್ವರ ಕೊಟ್ಟಿದ್ದರು. ಹೆಚ್ಚುಕಡಿಮೆ ಒಂದೇ ಸ್ವರ, ಹಿಡಿದು ನಿಲ್ಲಬೇಕು. ಸುಮ್ಮನೆ ಒರಗಿದವನಂತೆ ಕೀಬೋರ್ಡಿನ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಲಿಂಗಪ್ಪನ್ ಆ ಸ್ವರದ ನಡುಕವನ್ನು ತನ್ನ ಎದೆಯೊಳಗೆ ಹುಡುಕಿಕೊಂಡಿದ್ದ.

"ಐಯಾ, ಸ್ವರ ಸರಿಯಾಗಿದೆ," ಎಂದು ಟೀಚರ್ ತಮಿಳಿನಲ್ಲಿ ಹೇಳಿದ್ದರು. "ಆದರೆ ಕೀಬೋರ್ಡ್ ಕೇಳಿಸಿಕೊಂಡು ಹಾಡಿ. ಅದನ್ನ ಮುಳುಗಿಸಬೇಡಿ. ಇಲ್ಲದಿದ್ರೆ ಸಂಜೆ ಕೇಳೋರ ಬೆಂಚಿನಲ್ಲಿ ಕೂರಿಸಿಬಿಡ್ತೀನಿ."

ಪಕ್ಕದಲ್ಲಿದ್ದ ಅನಂತರಾಮ, ಕರ್ನಾಟಕದಿಂದ ಬಂದ ಎಂಜಿನಿಯರ್, ನಕ್ಕಿದ್ದ. "ಯಜಮಾನ್ರೇ, ನಿಮ್ಮ ಪಕ್ಕ ನಿಂತ್ರೆ ನಾನು ಬರೀ ಬಾಯಿ ಆಡಿಸಿದ್ರೂ ಸಾಕು."

"ಆಡ್ಸು ತಂಬಿ. ಕೂಲಿ ಇಬ್ರಿಗೂ ಒಂದೇ."

ಈಗ ಬೆಂಚುಗಳೆಲ್ಲ ತುಂಬಿದ್ದವು; ಎತ್ತರದ ಕಿಟಕಿಗಳಿಂದ ಸಂಜೆಯ ಬಿಸಿಲು ಒಳಗೆಲ್ಲ ಬಿದ್ದಿತ್ತು. ಕೀಬೋರ್ಡ್ ಕೇಳಿಸದವನು ಟೀಚರ್ ಬಲಗೈಯನ್ನೇ ನಂಬಿದ್ದ. ಅದು ಇಳಿದಾಗ ಸ್ವರ, ಏರಿದಾಗ ಉಸಿರು. ಎರಡನೆಯ ಚರಣದ ನಡುವೆ ಆ ಕೈ ಒಮ್ಮೆ ತಡವರಿಸಿತು. ಟೀಚರ್ ಕಣ್ಣು ನೇರವಾಗಿ ಅವನ ಮೇಲೆ ಬಿತ್ತು. ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿದರು. ಅನಂತರಾಮನ ಬಾಯಿ ಮುಚ್ಚಿತ್ತು. ಮುಳುಗಿಸಿಬಿಟ್ಟೆ, ಸಿಕ್ಕಿಬಿದ್ದೆ ಅಂದುಕೊಂಡ. ಆದರೆ ಆ ಕೈ ನಿಲ್ಲಲಿಲ್ಲ. ಅದು ನಿಲ್ಲುವತನಕ ತಾನೇಕೆ ನಿಲ್ಲಬೇಕು? ಸ್ವರವನ್ನು ಬಿಡದೆ ಹಿಡಿದ. ಆಗ ಟೀಚರ್ ಎಡಗೈ ಅವನ ಕಡೆ ಚಾಚಿ ಮೇಲೆದ್ದಿತು. ಇನ್ನೂ, ಇನ್ನೂ ಜೋರಾಗಿ!

ಎದೆ ತುಂಬ ಉಸಿರೆಳೆದು ದನಿ ಬಿಟ್ಟ. ಮುಂದಿನ ಸಾಲಿನ ಬಾಯಿಗಳು ತೆರೆದವು. ಅದರ ಮುಂದಿನ ಸಾಲಿನವೂ ತೆರೆದವು. ಕೇಳಲು ಬಂದವರೂ ಎದ್ದು ನಿಂತು ಹಾಡತೊಡಗಿದರು. ಎಲ್ಲ ಮಗ್ಗಗಳೂ ಒಟ್ಟಿಗೆ ಓಡುವಾಗ ಶೆಡ್ಡಿನ ನೆಲ ನಡುಗುವ ಹಾಗೆ, ಕಾಲಡಿಯ ಹಲಗೆ ನಡುಗಿತು. ಟೀಚರ್ ಮುಷ್ಟಿ ಬಿಗಿದು ಹಾಡು ಮುಗಿಸಿದಾಗ ಜನ ಕೈಗಳನ್ನು ತಲೆಯ ಮೇಲೆತ್ತಿ ತಟ್ಟುತ್ತಿದ್ದರು.

ಹೊರಗೆ ಗೋಕಿಲಾ ಓಡಿಬಂದು ಎದುರಿಗೆ ನಿಂತಳು. "ಅಪ್ಪಾ! ಕರೆಂಟ್ ಹೋಗಿ ಕೀಬೋರ್ಡ್ ನಿಂತೋಯ್ತು, ಎಲ್ರೂ ಬಾಯ್ ಮುಚ್ಕಂಡ್ರು. ನೀ ಒಬ್ನೇ ವಿಡಾಮೆ, ಒಂದೇ ಸಮ ಹಾಡ್ದೆ! ನಿನ್ ದನಿ ಹಿಡ್ಕಂಡೇ ಎಲ್ರೂ ತಿರುಗಾ ಸುರು ಮಾಡುದ್ರು. ಭಯವೇ ಆಗ್ಲಿಲ್ವಾ?"

ಅವನು ಅವಳ ತುಟಿಗಳನ್ನು ಕೊನೆಯ ಮಾತಿನವರೆಗೂ ನೋಡಿದ.

"ಭಯ ಏನು? ಎತ್ಕಂಡ ಹಾಡು ಮುಗಿಸ್ಬೇಕಲ್ಲ."

ಅನಂತರಾಮ ಬಂದು ಅವನ ಕೈ ಕುಲುಕಿದ. "ಯಜಮಾನ್ರೇ, ನನ್ನ ಕೂಲೀನೂ ನಿಮಗೇ ಬಿಟ್ಟೆ."

ಕರೆಂಟ್ ಹೋದದ್ದು ಲಿಂಗಪ್ಪನ್‌ಗೆ ಗೊತ್ತೇ ಆಗಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ.